ನೈಲ್ ನದಿಯ ದೇವಾಲಯಗಳು: ಅಸ್ವಾನ್‌ನಿಂದ ಲಕ್ಸರ್‌ವರೆಗೆ ಹಡಗಿನಲ್ಲಿ ಹೋಗಿ ನೋಡುವ ಕ್ರಮ

ಈಜಿಪ್ಟಿನ ದಕ್ಷಿಣ ಭಾಗದಲ್ಲಿರುವ ಅಸ್ವಾನ್ ಮತ್ತು ಲಕ್ಸರ್ ನಗರಗಳ ನಡುವೆ ನೈಲ್ ನದಿ ಸುಮಾರು ಇನ್ನೂರು ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು ದೂರ ಹರಿಯುತ್ತದೆ. ಕೋಮ್ ಓಂಬೊ, ಎದ್ಫು ಮತ್ತು ಎಸ್ನಾದ ದೇವಾಲಯಗಳು ಈ ಹಾದಿಯ ದಡದಲ್ಲೇ ಇವೆ. ಆದ್ದರಿಂದ ಪ್ರವಾಸಿ ಹಡಗುಗಳಲ್ಲಿ ಹೆಚ್ಚಿನವು ಓಡಾಡುವುದು ಈ ಭಾಗದಲ್ಲಿಯೇ. ಊಟ, ವಸತಿ, ಪ್ರಯಾಣ ಮೂರೂ ಒಂದೇ ಕಡೆ ಸಿಗುವುದರಿಂದ ಹಿರಿಯರಿಗೂ ಮಕ್ಕಳಿರುವ ಕುಟುಂಬಗಳಿಗೂ ಇದು ಅನುಕೂಲಕರವಾದ ಪ್ರವಾಸ. ಆದರೆ ಹಡಗಿನ ವೇಳಾಪಟ್ಟಿಯನ್ನು ರೂಪಿಸುವುದು ಲಂಗರು ಹಾಕುವ ಕಟ್ಟೆಗಳಲ್ಲಿನ ಜಾಗ, ಎಸ್ನಾದ ಜಲದ್ವಾರದ (ಹಡಗನ್ನು ನೀರಿನ ಒಂದು ಮಟ್ಟದಿಂದ ಇನ್ನೊಂದಕ್ಕೆ ದಾಟಿಸುವ ಕಟ್ಟೆ) ಸರದಿ ಮತ್ತು ಊಟದ ಹೊತ್ತನ್ನು ನೋಡಿಕೊಂಡು. ನೋಡುವವರಿಗೆ ದೇವಾಲಯಗಳು ಅರ್ಥವಾಗಲಿ ಎಂಬುದು ಅದರ ಲೆಕ್ಕದಲ್ಲಿ ಇರುವುದಿಲ್ಲ. ಆ ಭಾಗವನ್ನು ಪ್ರವಾಸಿಗರೇ ಯೋಜಿಸಿಕೊಳ್ಳಬೇಕು. ಈ ಲೇಖನ ಅದಕ್ಕೆ ನೆರವಾಗಲೆಂದು ಬರೆದದ್ದು.

ಮೊದಲ ಹೆಜ್ಜೆ: ದಿಕ್ಕನ್ನು ನಿರ್ಧರಿಸಿ

ನೈಲ್ ದಕ್ಷಿಣದಿಂದ ಉತ್ತರಕ್ಕೆ ಹರಿಯುವ ನದಿ. ಅಸ್ವಾನ್ ಮೇಲ್ಭಾಗದಲ್ಲಿದೆ, ಲಕ್ಸರ್ ಕೆಳಭಾಗದಲ್ಲಿದೆ. ಸಾಮಾನ್ಯವಾಗಿ ಲಕ್ಸರ್‌ನಿಂದ ಅಸ್ವಾನ್‌ಗೆ ನಾಲ್ಕು ರಾತ್ರಿಗಳ ಪ್ರವಾಸವೂ, ಅಸ್ವಾನ್‌ನಿಂದ ಲಕ್ಸರ್‌ಗೆ ಮೂರು ರಾತ್ರಿಗಳ ಪ್ರವಾಸವೂ ಇರುತ್ತದೆ. ಒಂದು ರಾತ್ರಿ ಹೆಚ್ಚು ಸಿಗುತ್ತದೆ ಎಂಬ ಕಾರಣಕ್ಕೆ ಬಹಳ ಜನ ಲಕ್ಸರ್‌ನಿಂದ ಹೊರಡುತ್ತಾರೆ. ನನ್ನ ಸಲಹೆ ಇದಕ್ಕೆ ವಿರುದ್ಧವಾಗಿದೆ: ಅಸ್ವಾನ್‌ನಿಂದ ಹೊರಡಿ, ಲಕ್ಸರ್ ತಲುಪಿದ ಮೇಲೆ ಅಲ್ಲಿಯೇ ಹೋಟೆಲಿನಲ್ಲಿ ಎರಡು ದಿನ ಉಳಿಯಿರಿ.

ಇದಕ್ಕೆ ಗಟ್ಟಿಯಾದ ಕಾರಣವಿದೆ. ದಾರಿಯಲ್ಲಿ ಸಿಗುವ ಫಿಲೆ, ಕೋಮ್ ಓಂಬೊ, ಎದ್ಫು ಮತ್ತು ಎಸ್ನಾದ ದೇವಾಲಯಗಳು ಬಹುಮಟ್ಟಿಗೆ ಟಾಲೆಮಿ ವಂಶದ ಗ್ರೀಕ್ ಮೂಲದ ಅರಸರ ಕಾಲದವು ಮತ್ತು ಅನಂತರದ ರೋಮನ್ ಆಳ್ವಿಕೆಯ ಕಾಲದವು. ಲಕ್ಸರ್‌ನ ಕಾರ್ನಾಕ್ ದೇವಾಲಯದ ಮುಖ್ಯ ಭಾಗಗಳು ಅವಕ್ಕಿಂತ ಸಾವಿರ ವರ್ಷಕ್ಕೂ ಹೆಚ್ಚು ಹಳೆಯವು. ಈಚಿನ ಈ ದೇವಾಲಯಗಳಲ್ಲಿ, ಮುಖ್ಯವಾಗಿ ಎದ್ಫುವಿನಲ್ಲಿ, ಚಾವಣಿ, ಗೋಡೆ, ಗರ್ಭಗುಡಿ ಎಲ್ಲವೂ ಇನ್ನೂ ನಿಂತಿರುವುದರಿಂದ ಈಜಿಪ್ಟಿನ ದೇವಾಲಯ ಒಟ್ಟಾರೆಯಾಗಿ ಹೇಗಿತ್ತು ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಕಾರ್ನಾಕ್ ಅಪಾರ ವಿಸ್ತಾರದ, ಹಲವು ಕಡೆ ಕುಸಿದಿರುವ, ಅರಸರು ಒಬ್ಬರಾದ ಮೇಲೊಬ್ಬರು ಸೇರಿಸುತ್ತ ಹೋದ ಸಂಕೀರ್ಣ. ಅದನ್ನು ಮೊದಲ ದಿನವೇ ನೋಡಿದವರು ಕಂಬಗಳ ಗಾತ್ರಕ್ಕೆ ಬೆರಗಾಗುತ್ತಾರೆ, ಆದರೆ ತಾವು ದೇವಾಲಯದ ಯಾವ ಭಾಗದಲ್ಲಿ ನಿಂತಿದ್ದೇವೆ ಎಂಬುದು ಅವರಿಗೆ ತಿಳಿಯುವುದಿಲ್ಲ. ಪೂರ್ಣವಾಗಿ ಉಳಿದಿರುವುದನ್ನು ಮೊದಲು ನೋಡಿ ರಚನೆಯನ್ನು ಮನಸ್ಸಿಗೆ ತಂದುಕೊಂಡವರಿಗೆ ಕಾರ್ನಾಕ್‌ನ ಅವಶೇಷಗಳ ನಡುವೆಯೂ ದಾರಿ ಸ್ಪಷ್ಟವಾಗುತ್ತದೆ.

ಕೈರೋದಿಂದ ಅಸ್ವಾನ್‌ವರೆಗಿನ ದೀರ್ಘ ಪ್ರವಾಸಗಳೂ ಇವೆ; ಅವಕ್ಕೆ ಹೆಚ್ಚು ದಿನಗಳು ಬೇಕು. ಕನ್ನಡ ಮಾತುಗಳಿವೆ ಎಂದು ಗೋವಿಂದ ಪೈ ಮೊದಲಾದ ವಿದ್ವಾಂಸರು ಚರ್ಚಿಸಿದ ಗ್ರೀಕ್ ಪ್ರಹಸನದ ಪಪೈರಸ್ ದೊರೆತ ಆಕ್ಸಿರಿಂಕಸ್ ಇರುವುದು ಆ ಉತ್ತರದ ಭಾಗದಲ್ಲಿ, ನದಿಯಿಂದ ಪಶ್ಚಿಮಕ್ಕೆ. ಅಸ್ವಾನ್–ಲಕ್ಸರ್ ಹಾದಿಯಲ್ಲಿ ಅದು ಬರುವುದಿಲ್ಲ ಎಂಬುದನ್ನು ಆ ಬಗ್ಗೆ ಆಸಕ್ತಿಯಿರುವ ಕನ್ನಡಿಗರು ಗಮನಿಸಬೇಕು.

ಎರಡನೆಯ ಹೆಜ್ಜೆ: ಋತು, ಹಡಗು, ಕಾಗದಪತ್ರ

ಅಕ್ಟೋಬರ್‌ನಿಂದ ಏಪ್ರಿಲ್‌ವರೆಗಿನ ಅವಧಿ ಸೂಕ್ತವಾದುದು. ಜೂನ್‌ನಿಂದ ಆಗಸ್ಟ್‌ವರೆಗೆ ಅಸ್ವಾನ್‌ನಲ್ಲಿ ಹಗಲಿನ ಉಷ್ಣತೆ 40 ಡಿಗ್ರಿಯನ್ನು ಮೀರುವುದು ಸಾಮಾನ್ಯ. ಡಿಸೆಂಬರ್ ಮತ್ತು ಜನವರಿಯಲ್ಲಿ ಹಗಲು ಹಿತವಾಗಿದ್ದರೂ ಬೆಳಗಿನ ಜಾವ ಹಡಗಿನ ಮೇಲಟ್ಟದಲ್ಲಿ ಸ್ವೆಟರ್ ಬೇಕೇ ಬೇಕು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಜನಸಂದಣಿ ವಿಪರೀತವಾಗಿರುತ್ತದೆ. ರಂಜಾನ್ ತಿಂಗಳಲ್ಲಿ ತಾಣಗಳನ್ನು ಮುಚ್ಚುವ ವೇಳೆ ಬದಲಾಗುವುದುಂಟು.

ಹಡಗುಗಳಲ್ಲಿ ಎರಡು ಬಗೆ. ಬಹುಮಹಡಿಯ ದೊಡ್ಡ ಹಡಗು ಅಗ್ಗ, ಆದರೆ ಅದು ನಿಲ್ಲುವುದು ಇಂಥ ಇನ್ನೂ ಅನೇಕ ಹಡಗುಗಳು ನಿಂತಿರುವ ಕಟ್ಟೆಯಲ್ಲಿ. ಒಂದರ ಪಕ್ಕ ಒಂದು ತಾಗಿಕೊಂಡು ನಿಲ್ಲುವುದರಿಂದ ಕೋಣೆಯ ಕಿಟಕಿ ತೆರೆದರೆ ನದಿಗೆ ಬದಲಾಗಿ ಪಕ್ಕದ ಹಡಗಿನ ಕೋಣೆ ಕಾಣುವುದೂ ಇದೆ. ಹಾಯಿ ಇರುವ ಚಿಕ್ಕ ಹಡಗಾದ ದಹಬಿಯಾ ದುಬಾರಿ ಮತ್ತು ನಿಧಾನ. ಆದರೆ ಅದು ದೊಡ್ಡ ಹಡಗುಗಳು ನಿಲ್ಲದ ಗೆಬೆಲ್ ಎಲ್ ಸಿಲ್ಸಿಲಾದಂತಹ ಕಡೆಯೂ ನಿಲ್ಲುತ್ತದೆ. ದೇವಾಲಯಗಳಿಗೆ ಬೇಕಾದ ಮರಳುಗಲ್ಲನ್ನು ಕಡಿದು ತೆಗೆದ ಗಣಿ ಅದು. ಗಣಿಯ ಗೋಡೆಗಳಲ್ಲಿ ಉಳಿಯ ಗುರುತುಗಳು ಇಂದಿಗೂ ಕಾಣುತ್ತವೆ. ಖರ್ಚನ್ನು ಭರಿಸಬಲ್ಲವರು ದಹಬಿಯಾವನ್ನೇ ಆರಿಸಿಕೊಳ್ಳಲಿ.

ಭಾರತದ ಪಾಸ್‌ಪೋರ್ಟ್ ಇರುವವರು ವೀಸಾ ನಿಯಮಗಳನ್ನು ದೆಹಲಿಯಲ್ಲಿರುವ ಈಜಿಪ್ಟ್ ರಾಯಭಾರ ಕಚೇರಿಯ ಮೂಲಕ ಖಚಿತಪಡಿಸಿಕೊಂಡ ಮೇಲೆಯೇ ಹಡಗಿಗೆ ಹಣ ಕಟ್ಟಬೇಕು. ಮುಖ್ಯ ತಾಣಗಳ ಟಿಕೆಟ್ ಕಿಟಕಿಗಳಲ್ಲಿ ಈಗ ವಿದೇಶಿಯರಿಂದ ನಗದಿನ ಬದಲು ಕಾರ್ಡ್ ಮೂಲಕ ಹಣ ಪಡೆಯುವುದರಿಂದ, ಹೊರಡುವ ಮೊದಲೇ ನಿಮ್ಮ ಕಾರ್ಡಿನಲ್ಲಿ ವಿದೇಶಿ ವ್ಯವಹಾರದ ಸೌಲಭ್ಯವನ್ನು ತೆರೆದಿಟ್ಟುಕೊಳ್ಳಿ. ದೋಣಿಯವರಿಗೆ, ಗಾಡಿಯವರಿಗೆ ಮತ್ತು ಬಕ್ಷೀಸಿಗೆ ಈಜಿಪ್ಟಿನ ಪೌಂಡ್‌ನ ಸಣ್ಣ ನೋಟುಗಳು ಬೇಕಾಗುತ್ತವೆ. ಸಸ್ಯಾಹಾರಿಗಳು ಕಾಯ್ದಿರಿಸುವಾಗಲೇ ತಿಳಿಸಬೇಕು. ಊರುಗಳಲ್ಲಿ ಅನ್ನ, ಮಸೂರಬೇಳೆ ಮತ್ತು ಪಾಸ್ತಾ ಬೆರೆಸಿದ ಕುಶರಿಯೂ ಬೇಯಿಸಿದ ಬೀನ್ಸ್‌ನ ಫೂಲ್ ಕೂಡ ಸುಲಭವಾಗಿ ಸಿಗುತ್ತವೆ.

ಹಡಗಿನ ಕಂಪನಿಯನ್ನು ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಪ್ರವೇಶ ಶುಲ್ಕ ಒಟ್ಟು ದರದಲ್ಲಿ ಸೇರಿದೆಯೇ? ಎಸ್ನಾದಲ್ಲಿ ದೇವಾಲಯ ನೋಡಲು ನಿಲ್ಲುತ್ತಾರೆಯೇ, ಅಥವಾ ಜಲದ್ವಾರ ದಾಟಿ ಮುಂದೆ ಹೋಗುತ್ತಾರೆಯೇ? ಪ್ರತಿ ದೇವಾಲಯಕ್ಕೆ ಎಷ್ಟು ಹೊತ್ತು ಕೊಡುತ್ತಾರೆ? ಗುಂಪಿನಿಂದ ಬೇರೆಯಾಗಿ, ನಮಗೆ ಬೇಕಾದ ಹೊತ್ತಿಗೆ ಹೋಗಿ ಬರಲು ಅವಕಾಶವಿದೆಯೇ? ಕೊನೆಯ ಪ್ರಶ್ನೆಗೆ ಒಪ್ಪಿಗೆಯ ಉತ್ತರ ಬಾರದಿದ್ದರೆ ಬೇರೆ ಹಡಗನ್ನು ಹುಡುಕುವುದು ಒಳ್ಳೆಯದು.

ಮೂರನೆಯ ಹೆಜ್ಜೆ: ದೇವಾಲಯದ ರಚನೆಯನ್ನು ಮೊದಲೇ ಅರಿಯಿರಿ

ಅರ್ಧ ಗಂಟೆಯ ಸಿದ್ಧತೆ ಸಾಕು. ಮುಂಭಾಗದಲ್ಲಿ ಪೈಲಾನ್ ಎಂದು ಕರೆಯುವ, ಮೇಲೇರಿದಂತೆ ಒಳಕ್ಕೆ ವಾಲುವ ಗೋಡೆಗಳ ಜೋಡಿ ಗೋಪುರವಿರುತ್ತದೆ. ಅದರ ಮೇಲೆ ಅರಸ ಶತ್ರುಗಳನ್ನು ಕೂದಲು ಹಿಡಿದು ಹೊಡೆಯುವ ಚಿತ್ರವಿರುವುದು ವಾಡಿಕೆ. ಅದನ್ನು ದಾಟಿದರೆ ತೆರೆದ ಅಂಗಳ, ಅಲ್ಲಿಂದ ಕಂಬಗಳ ಮಂಟಪ, ಅನಂತರ ಕಿರಿದಾಗುತ್ತ ಹೋಗುವ ಒಳಕೋಣೆಗಳು, ಕಟ್ಟಕಡೆಗೆ ಗರ್ಭಗುಡಿ. ಒಳಗೆ ಹೋದಂತೆ ನೆಲ ಸ್ವಲ್ಪಸ್ವಲ್ಪವೇ ಏರುತ್ತದೆ, ಚಾವಣಿ ತಗ್ಗುತ್ತದೆ, ಬೆಳಕು ಕುಗ್ಗುತ್ತದೆ. ನಮ್ಮ ಊರಿನ ದೊಡ್ಡ ದೇವಸ್ಥಾನದ ಮಹಾದ್ವಾರದಿಂದ ನವರಂಗವನ್ನು ಹಾದು ಗರ್ಭಗುಡಿಯ ಕಡೆಗೆ ನಡೆಯುವವರಿಗೆ ಈ ಕ್ರಮ ಅಪರಿಚಿತವೆನಿಸದು. ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಡಬೇಕು: ಈಜಿಪ್ಟಿನಲ್ಲಿ ಸಾಮಾನ್ಯ ಜನರಿಗೆ ಒಳಭಾಗಕ್ಕೆ ಪ್ರವೇಶವಿರಲಿಲ್ಲ. ಉತ್ಸವದ ದಿನ ಪುರೋಹಿತರು ದೇವರನ್ನು ದೋಣಿಯ ಆಕಾರದ ಪಲ್ಲಕ್ಕಿಯಲ್ಲಿ ಹೊತ್ತು ಹೊರಗೆ ತಂದಾಗಲೇ ಜನರಿಗೆ ದೇವರ ಸಾನ್ನಿಧ್ಯ ದೊರೆಯುತ್ತಿತ್ತು. ಆಗಲೂ ವಿಗ್ರಹ ಮುಚ್ಚಿದ ಗುಡಿಯೊಳಗೇ ಇರುತ್ತಿತ್ತು.

ಗೋಡೆಯ ಶಿಲ್ಪಗಳನ್ನು ನೋಡುವುದಕ್ಕೂ ಒಂದು ಸೂತ್ರವಿದೆ. ಬಿಸಿಲು ಬೀಳುವ ಹೊರಗೋಡೆಗಳಲ್ಲಿ ಸಾಮಾನ್ಯವಾಗಿ ರೂಪದ ಅಂಚನ್ನು ಒಳಕ್ಕೆ ಕೊರೆದಿರುತ್ತಾರೆ. ಮಬ್ಬು ಬೆಳಕಿನ ಒಳಗೋಡೆಗಳಲ್ಲಿ ರೂಪವನ್ನು ಉಬ್ಬಿಸಿ ಕೆತ್ತಿರುತ್ತಾರೆ. ಬೆಳಿಗ್ಗೆ ಮತ್ತು ಸಂಜೆಯ ಓರೆ ಬಿಸಿಲಿನಲ್ಲಿ ಕೊರೆದ ಗೆರೆಗಳಿಗೆ ನೆರಳು ತುಂಬಿ ಚಿತ್ರ ಎದ್ದು ಕಾಣುತ್ತದೆ. ನಡುಹಗಲಿನಲ್ಲಿ ಅದೇ ಗೋಡೆ ಚಪ್ಪಟೆಯಾಗಿ, ಏನೂ ಇಲ್ಲವೇನೋ ಎಂಬಂತೆ ಕಾಣುತ್ತದೆ. ಹಾಗಾಗಿ ಹೊರಗೋಡೆಗಳನ್ನು ಮುಂಜಾನೆ ಅಥವಾ ಸಂಜೆಗೆ ಇಟ್ಟುಕೊಂಡು, ಬಿಸಿಲು ನೆತ್ತಿಗೇರಿದಾಗ ಒಳಕೋಣೆಗಳಲ್ಲಿರುವಂತೆ ನಡಿಗೆಯನ್ನು ಹೊಂದಿಸಿಕೊಳ್ಳಿ. ಅಂಡಾಕಾರದ ಚೌಕಟ್ಟಿನೊಳಗೆ ಬರೆದಿರುವುದು ಅರಸರ ಹೆಸರು, ಎತ್ತರದ ಬಿಳಿ ಕಿರೀಟ ದಕ್ಷಿಣದ ಮೇಲ್ ಈಜಿಪ್ಟಿನದು, ಕೆಂಪು ಕಿರೀಟ ಉತ್ತರದ ಕೆಳ ಈಜಿಪ್ಟಿನದು: ಇಷ್ಟು ಗೊತ್ತಿದ್ದರೂ ಗೋಡೆಗಳ ಮುಂದೆ ಸುಮ್ಮನೆ ನಿಂತು ಬರುವ ಪ್ರಮೇಯ ಬರುವುದಿಲ್ಲ.

ಗೋಡೆಯನ್ನು ದಯವಿಟ್ಟು ಮುಟ್ಟಬೇಡಿ. ಎರಡು ಸಾವಿರ ವರ್ಷ ಉಳಿದುಬಂದ ಬಣ್ಣ ಬೆವರಿದ ಕೈಗಳ ಸ್ಪರ್ಶಕ್ಕೆ ಉಳಿಯುವುದಿಲ್ಲ. ಫ್ಲಾಷ್ ಬಳಸುವುದು ನಿಷಿದ್ಧ. ಮೊಬೈಲಿನಲ್ಲಿ ಫ್ಲಾಷ್ ಇಲ್ಲದೆ ಚಿತ್ರ ತೆಗೆಯಲು ಹೆಚ್ಚಿನ ಕಡೆ ಅಡ್ಡಿಯಿಲ್ಲ. ಕಾವಲುಗಾರರು ಕೈಸನ್ನೆ ಮಾಡಿ ಹಗ್ಗದ ಆಚೆಯ ಮೂಲೆಗೆ ಕರೆದು, ಅನಂತರ ಬಕ್ಷೀಸು ಕೇಳುವುದುಂಟು. ಮುಚ್ಚಿರುವ ಭಾಗಕ್ಕೆ ಹೋಗದೆ ನಗುಮುಖದಿಂದ ಬೇಡವೆಂದು ಹೇಳಿ ಮುಂದೆ ನಡೆಯಿರಿ.

ನಾಲ್ಕನೆಯ ಹೆಜ್ಜೆ: ಅಸ್ವಾನ್, ಅಬು ಸಿಂಬೆಲ್, ಫಿಲೆ

ಅಸ್ವಾನ್‌ನಿಂದ ದಕ್ಷಿಣಕ್ಕೆ ರಸ್ತೆಯಲ್ಲಿ ಮೂರೂವರೆ ಗಂಟೆಯ ದೂರದಲ್ಲಿ ಅಬು ಸಿಂಬೆಲ್ ಇದೆ. ಹಡಗು ಅಲ್ಲಿಗೆ ಹೋಗುವುದಿಲ್ಲ, ಏಕೆಂದರೆ ನಡುವೆ ಅಸ್ವಾನ್ ಹೈ ಡ್ಯಾಮ್ ಇದೆ. ವಾಹನಗಳು ಬೆಳಗಿನ ಜಾವವೇ ಹೊರಡುತ್ತವೆ. ವಿಮಾನದಲ್ಲಿ ಹೋಗುವ ಅವಕಾಶವೂ ಇದೆ. ಕ್ರಿ.ಪೂ. 13ನೇ ಶತಮಾನದಲ್ಲಿ ಎರಡನೆಯ ರಾಮ್ಸೆಸ್ ಬಂಡೆಯಲ್ಲಿ ಕೊರೆಯಿಸಿದ ಈ ಎರಡು ದೇವಾಲಯಗಳನ್ನು ಅಣೆಕಟ್ಟಿನ ನೀರಿನಿಂದ ಉಳಿಸಲು 1964ರಿಂದ 1968ರವರೆಗೆ ತುಂಡುತುಂಡಾಗಿ ಕತ್ತರಿಸಿ, ಸುಮಾರು 65 ಮೀಟರ್ ಮೇಲಕ್ಕೂ 200 ಮೀಟರ್ ಹಿಂದಕ್ಕೂ ಸಾಗಿಸಿ ಮತ್ತೆ ಜೋಡಿಸಲಾಯಿತು. ಗೈಡ್‌ಗಳು ಒಳಗೆ ವಿವರಣೆ ಕೊಡುವಂತಿಲ್ಲ. ಕೇಳಬೇಕಾದುದನ್ನೆಲ್ಲ ಹೊರಗೇ ಕೇಳಿಕೊಳ್ಳಬೇಕು. ಫೆಬ್ರವರಿ 22 ಮತ್ತು ಅಕ್ಟೋಬರ್ 22ರಂದು ಉದಯದ ಕಿರಣ ಗರ್ಭಗುಡಿಯನ್ನು ತಲುಪುತ್ತದೆ. ಆ ಎರಡು ದಿನ ಅಪಾರ ಜನ ಸೇರುತ್ತಾರೆ. ದೇವಾಲಯವನ್ನು ಸಾವಧಾನವಾಗಿ ನೋಡಬಯಸುವವರು ಆ ದಿನಗಳನ್ನು ಬಿಟ್ಟು ಹೋಗಬೇಕು. ಈ ಯಾತ್ರೆಗೆ ಪೂರ್ತಿ ಅರ್ಧ ದಿನಕ್ಕಿಂತ ಹೆಚ್ಚು ಬೇಕಾಗುವುದರಿಂದ ಹಡಗು ಹತ್ತುವುದಕ್ಕೆ ಹಿಂದಿನ ದಿನವೇ ಇದನ್ನು ಮುಗಿಸಿಕೊಳ್ಳಿ.

ಫಿಲೆಯ ಐಸಿಸ್ ದೇವಿಯ ದೇವಾಲಯಕ್ಕೆ ಶೆಲ್ಲಾಲ್ ಕಟ್ಟೆಯಿಂದ ಮೋಟಾರು ದೋಣಿಯಲ್ಲಿ ಹೋಗಬೇಕು. ದೇವಾಲಯದ ಟಿಕೆಟ್ಟಿನಲ್ಲಿ ದೋಣಿಯ ಬಾಡಿಗೆ ಸೇರಿರುವುದಿಲ್ಲ. ಬಾಡಿಗೆ ಇಡೀ ದೋಣಿಗೆ ಎಂದೂ, ಹೋಗಿಬರುವುದಕ್ಕೆ ಎಂದೂ, ನೀವು ಮರಳುವವರೆಗೆ ಇಂತಿಷ್ಟು ಹೊತ್ತು ಕಾಯುವುದಕ್ಕೆ ಎಂದೂ ಹತ್ತುವ ಮೊದಲೇ ಸ್ಪಷ್ಟವಾಗಿ ಮಾತಾಡಿಕೊಳ್ಳಿ. 1902ರಲ್ಲಿ ಮುಗಿದ ಹಳೆಯ ಅಸ್ವಾನ್ ಅಣೆಕಟ್ಟಿನಿಂದಾಗಿ ಈ ದೇವಾಲಯ ವರ್ಷದ ಬಹುಭಾಗ ನೀರಿನಲ್ಲಿ ನಿಲ್ಲುತ್ತಿತ್ತು. ಯುನೆಸ್ಕೋ ನೇತೃತ್ವದಲ್ಲಿ 1970ರ ದಶಕದಲ್ಲಿ ಅದನ್ನು ಬಿಚ್ಚಿ ಪಕ್ಕದ ಅಗಿಲ್ಕಿಯಾ ದ್ವೀಪದಲ್ಲಿ ಮರುಜೋಡಿಸಿದರು. 1980ರಲ್ಲಿ ಅದು ಮತ್ತೆ ತೆರೆಯಿತು. ಇಲ್ಲಿ ಮರೆಯದೆ ರೋಮನ್ ಚಕ್ರವರ್ತಿ ಹೇಡ್ರಿಯನ್ನನ ದ್ವಾರವನ್ನು ಹುಡುಕಿ. ಚಿತ್ರಲಿಪಿಯಲ್ಲಿ ಕೆತ್ತಿದ, ಕಾಲ ತಿಳಿದಿರುವ ಶಾಸನಗಳಲ್ಲಿ ಕಟ್ಟಕಡೆಯದು ಅಲ್ಲಿದೆ. ಅದರ ಕಾಲ ಕ್ರಿ.ಶ. 394. ಮೂರು ಸಾವಿರ ವರ್ಷಕ್ಕೂ ಮಿಕ್ಕಿ ನಡೆದುಬಂದ ಬರವಣಿಗೆಯೊಂದು ನಿಂತುಹೋದ ಜಾಗವನ್ನು ಗುಂಪಿನ ಅವಸರದಲ್ಲಿ ದಾಟಿಹೋಗುವುದು ನಿಜಕ್ಕೂ ನಷ್ಟ. ಕಂಬಗಳ ಮೇಲೆ ಶಿಲುಬೆಗಳೂ ಕೆತ್ತಿರುವುದನ್ನು ಕಾಣಬಹುದು. ಅನಂತರದ ಕಾಲದಲ್ಲಿ ಈ ಮಂಟಪ ಚರ್ಚ್ ಆಗಿತ್ತು.

ಐದನೆಯ ಹೆಜ್ಜೆ: ಕೋಮ್ ಓಂಬೊ ಮತ್ತು ಎದ್ಫು

ಕೋಮ್ ಓಂಬೊ ದೇವಾಲಯ ಹಡಗುಕಟ್ಟೆಯ ಪಕ್ಕದಲ್ಲೇ ಇರುವುದರಿಂದ ನಡೆದೇ ಹೋಗಬಹುದು. ಇದು ಜೋಡಿ ದೇವಾಲಯ: ಒಂದು ಪಾರ್ಶ್ವ ಮೊಸಳೆ ದೇವರಾದ ಸೊಬೆಕ್‌ನದು, ಇನ್ನೊಂದು ಗಿಡುಗನ ರೂಪದ ಹೊರೊಯೆರಿಸ್‌ನದು. ಬಾಗಿಲು, ಗರ್ಭಗುಡಿ ಎರಡೆರಡು. ಒಳಗೆ ಕಾಲಿಡುವ ಮೊದಲು ನಡುವೆ ನಿಂತು ಎರಡೂ ದಾರಿಗಳನ್ನು ನೇರವಾಗಿ ನೋಡಿ, ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಮರಳಿ ಬನ್ನಿ. ಹಿಂಭಾಗದ ಹೊರಗೋಡೆಯ ಒಳಮುಖದಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣಗಳೆಂದು ಸಾಮಾನ್ಯವಾಗಿ ಗುರುತಿಸುವ ಶಿಲ್ಪವಿದೆ. ನದಿಯ ಪ್ರವಾಹವನ್ನು ಅಳೆಯುತ್ತಿದ್ದ ಬಾವಿಯನ್ನೂ ನೋಡಬೇಕು; ನೀರು ಏರಿದ ಮಟ್ಟದಿಂದ ಬೆಳೆಯ ಅಂದಾಜೂ ಅದರಿಂದ ತೆರಿಗೆಯ ಲೆಕ್ಕವೂ ಸಿಗುತ್ತಿತ್ತು. ಪಕ್ಕದ ವಸ್ತುಸಂಗ್ರಹಾಲಯದಲ್ಲಿ ಮಮ್ಮಿ ಮಾಡಿದ ಮೊಸಳೆಗಳಿವೆ. ಸೂರ್ಯಾಸ್ತದ ಹೊತ್ತಿಗೆ ಅನೇಕ ಹಡಗುಗಳು ಒಟ್ಟಿಗೆ ಬರುತ್ತವೆ. ದೇವಾಲಯ ರಾತ್ರಿಯೂ ತೆರೆದಿರುವುದರಿಂದ ಮೊದಲ ನೂಕುನುಗ್ಗಲು ಕರಗಿದ ಮೇಲೆ ಹೋದರೆ ದೀಪದ ಓರೆ ಬೆಳಕಿನಲ್ಲಿ ಶಿಲ್ಪಗಳು ಸ್ಪಷ್ಟವಾಗಿ ಕಾಣುತ್ತವೆ.

ಎದ್ಫುವಿನಲ್ಲಿ ಗಿಡುಗನ ರೂಪದ ದೇವರಾದ ಹೋರಸ್‌ನ ದೇವಾಲಯಕ್ಕೆ ಇಡೀ ಪ್ರವಾಸದಲ್ಲೇ ಹೆಚ್ಚು ಗಮನ ಕೊಡಬೇಕು. ಕ್ರಿ.ಪೂ. 237ರಲ್ಲಿ ಮೂರನೆಯ ಟಾಲೆಮಿಯ ಕಾಲದಲ್ಲಿ ಶುರುವಾಗಿ ಕ್ರಿ.ಪೂ. 57ರಲ್ಲಿ ಮುಗಿದ ಈ ಕಟ್ಟಡ ಶತಮಾನಗಳ ಕಾಲ ಮರಳು ಮತ್ತು ಮನೆಗಳ ಕೆಳಗೆ ಹೂತಿತ್ತು. 19ನೇ ಶತಮಾನದಲ್ಲಿ ಫ್ರೆಂಚ್ ಪುರಾತತ್ವಜ್ಞ ಒಗ್ಯುಸ್ತ್ ಮಾರಿಯೆತ್ ಅದನ್ನು ಅಗೆಸಿ ತೆಗೆಸಿದ. ಹೂತಿದ್ದರಿಂದಲೇ ಅದು ಇಷ್ಟು ಪೂರ್ಣವಾಗಿ ಉಳಿದಿದೆ. ಸುಮಾರು 36 ಮೀಟರ್ ಎತ್ತರದ ಪೈಲಾನ್‌ನಿಂದ ಗರ್ಭಗುಡಿಯೊಳಗಿನ ನಯವಾದ ಏಕಶಿಲೆಯ ಪುಟ್ಟ ಗುಡಿಯವರೆಗೆ ಒಂದು ಸಲ ಎಲ್ಲಿಯೂ ನಿಲ್ಲದೆ ನೇರವಾಗಿ ನಡೆದುಹೋಗಿ. ನೆಲ ಏರುವುದನ್ನೂ ಬೆಳಕು ಕುಗ್ಗುವುದನ್ನೂ ಮೈಯೇ ಗ್ರಹಿಸುತ್ತದೆ. ಆಮೇಲೆ ಹಿಂದಿರುಗಿ ಬಂದು ಒಂದೊಂದೇ ಕೋಣೆಯನ್ನು ನೋಡಿ. ಸುಗಂಧದ್ರವ್ಯಗಳನ್ನು ತಯಾರಿಸುವ ವಿಧಾನವನ್ನು ಗೋಡೆಯ ಮೇಲೆ ಕೆತ್ತಿದ ಕೋಣೆಯೂ, ಗ್ರಂಥಗಳ ಪಟ್ಟಿಯಿರುವ ಪುಟ್ಟ ಪುಸ್ತಕ ಭಂಡಾರವೂ ಇಲ್ಲಿವೆ. ಕೊನೆಯಲ್ಲಿ ದೇವಾಲಯದ ಗೋಡೆಗೂ ಪ್ರಾಕಾರದ ಗೋಡೆಗೂ ನಡುವಿನ ಓಣಿಗೆ ಬನ್ನಿ. ಅದರ ಪಶ್ಚಿಮ ಭಾಗದಲ್ಲಿ ನೀರುಕುದುರೆಯ ರೂಪದ ವೈರಿ ದೇವರು ಸೆತ್‌ನನ್ನು ಹೋರಸ್ ಈಟಿಯಿಂದ ತಿವಿಯುವ ಕಥೆ ದೃಶ್ಯದಿಂದ ದೃಶ್ಯಕ್ಕೆ ಸಾಗುತ್ತದೆ. ಹೆಚ್ಚಿನ ಗುಂಪುಗಳು ಈ ಓಣಿಗೆ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಆದ್ದರಿಂದ ಇಲ್ಲಿ ಕನಿಷ್ಠ ಎರಡು ಗಂಟೆ ಬೇಕೆಂದು ಹಡಗಿನವರಿಗೆ ಮೊದಲೇ ಹೇಳಿಡಿ.

ಕಟ್ಟೆಯಿಂದ ದೇವಾಲಯಕ್ಕೆ ಕುದುರೆಗಾಡಿಗಳಲ್ಲಿ ಕರೆದೊಯ್ಯುವ ರೂಢಿಯಿದೆ. ಕುದುರೆಗಳಲ್ಲಿ ಹಲವು ಬಡಕಲಾಗಿ, ಗಾಯಗೊಂಡು ಇರುವುದನ್ನು ಪ್ರವಾಸಿಗರು ಕಾಣುತ್ತಾರೆ. ಟ್ಯಾಕ್ಸಿ ಅಥವಾ ಆಟೊ ಕೇಳಿ ಪಡೆಯಿರಿ. ಅಂಥ ಕುದುರೆಗಳ ಗಾಡಿಯನ್ನು ಹತ್ತದಿರುವುದೇ ಸರಿಯೆಂದು ನನ್ನ ಖಚಿತ ಅಭಿಪ್ರಾಯ.

ಆರನೆಯ ಹೆಜ್ಜೆ: ಎಸ್ನಾ

ಎಸ್ನಾದ ಜಲದ್ವಾರದಲ್ಲಿ ಹಡಗುಗಳು ಸರದಿ ಕಾಯುತ್ತವೆ. ಈ ಹೊತ್ತಿನಲ್ಲಿ ಸಣ್ಣ ದೋಣಿಗಳಲ್ಲಿ ಬರುವ ವ್ಯಾಪಾರಿಗಳು ಬಟ್ಟೆಗಳನ್ನು ಮೇಲಟ್ಟಕ್ಕೆ ಎಸೆದು ದರ ಕೂಗುತ್ತಾರೆ. ಕೊಳ್ಳುವ ಮನಸ್ಸಿಲ್ಲದಿದ್ದರೆ ಹಾಗೆಯೇ ಮರಳಿಸಿದರಾಯಿತು. ಖ್ನುಮ್ ಎಂಬ ದೇವರ ದೇವಾಲಯ ಇಂದಿನ ಬೀದಿಯ ಮಟ್ಟಕ್ಕಿಂತ ಸುಮಾರು 9 ಮೀಟರ್ ಕೆಳಗಿದೆ. ಉಳಿದಿರುವುದು 24 ಕಂಬಗಳ ಒಂದು ಮಂಟಪ ಮಾತ್ರ. ಆದರೂ ಇದನ್ನು ಬಿಡಬಾರದು: ಈಜಿಪ್ಟ್ ಸರ್ಕಾರದ ತಜ್ಞರು ಮತ್ತು ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದವರು 2018ರಿಂದ ನಡೆಸಿದ ಕೆಲಸದಲ್ಲಿ ಶತಮಾನಗಳ ಮಸಿ ಮತ್ತು ಕೊಳೆಯನ್ನು ತೆಗೆದ ಮೇಲೆ ಚಾವಣಿಯ ರಾಶಿಚಕ್ರವೂ ದೇವತೆಗಳೂ ಮೂಲ ಬಣ್ಣಗಳಲ್ಲಿ ಹೊರಬಂದಿವೆ. ಬೇರೆಲ್ಲ ದೇವಾಲಯಗಳಲ್ಲಿ ಬರಿಯ ಕಲ್ಲನ್ನು ನೋಡುವಾಗ, ಅವೂ ಒಂದು ಕಾಲಕ್ಕೆ ಹೀಗೆಯೇ ಬಣ್ಣದಿಂದ ತುಂಬಿದ್ದವು ಎಂದು ಊಹಿಸಲು ಎಸ್ನಾದ ನೆನಪು ಬೇಕಾಗುತ್ತದೆ.

ಏಳನೆಯ ಹೆಜ್ಜೆ: ಲಕ್ಸರ್‌ನ ಎರಡು ದಿನ

ಹಡಗನ್ನು ಬಿಟ್ಟ ಮೇಲಿನ ಮೊದಲ ಮುಂಜಾನೆಯನ್ನು ಕಾರ್ನಾಕ್‌ಗೆ ಮೀಸಲಿಡಿ. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು. ಎದ್ಫುವಿನಲ್ಲಿ ಕಲಿತ ಕ್ರಮವನ್ನೇ ಇಲ್ಲಿಯೂ ಹಿಡಿದು ಹೋಗಿ. ಮೊದಲ ಪೈಲಾನ್ ಪೂರ್ಣಗೊಳ್ಳಲೇ ಇಲ್ಲ. ಅದರ ಹಿಂಬದಿಯಲ್ಲಿ, ಅಂಗಳದ ಮೂಲೆಯಲ್ಲಿ, ಕಲ್ಲುಗಳನ್ನು ಮೇಲಕ್ಕೆ ಏರಿಸಲು ಹಸಿ ಇಟ್ಟಿಗೆಯಿಂದ ಕಟ್ಟಿದ ಇಳಿಜಾರಿನ ಅವಶೇಷ ಇನ್ನೂ ಇದೆ. ಮುಂದೆ 134 ಕಂಬಗಳ ಮಹಾಮಂಟಪ ಬರುತ್ತದೆ. ನಡುವಿನ 12 ಕಂಬಗಳು ಸುಮಾರು 21 ಮೀಟರ್ ಎತ್ತರದವು. ಪಕ್ಕದ ಸಾಲುಗಳು ತಗ್ಗಾಗಿರುವುದರಿಂದ ನಡುವೆ ಉಳಿದ ಅಂತರದಲ್ಲಿ ಕಲ್ಲಿನ ಜಾಲಂಧ್ರಗಳನ್ನಿಟ್ಟು ಒಳಗೆ ಬೆಳಕು ತರಿಸಿದ್ದರು. ಮಂಟಪದ ಉತ್ತರದ ಹೊರಗೋಡೆಯಲ್ಲಿ ಮೊದಲನೆಯ ಸೇತಿಯ ಯುದ್ಧದೃಶ್ಯಗಳಿವೆ. ಅರಸಿ ಹತ್‌ಶೆಪ್ಸುತ್ ನಿಲ್ಲಿಸಿದ ಒಬೆಲಿಸ್ಕನ್ನೂ (ಚೂಪು ತುದಿಯ ಏಕಶಿಲಾ ಸ್ತಂಭ), ತಾನು ಕಂಡ ವಿದೇಶದ ಗಿಡಗಳನ್ನೂ ಪ್ರಾಣಿಗಳನ್ನೂ ಮೂರನೆಯ ಥುತ್‌ಮೋಸ್ ಕೆತ್ತಿಸಿದ ಕೋಣೆಯನ್ನೂ ನೋಡಲು ಒಳಭಾಗದವರೆಗೆ ಹೋಗಬೇಕು. ಆವರಣದೊಳಗಿನ ಬಯಲು ಸಂಗ್ರಹಾಲಯದಲ್ಲಿ ಮೊದಲನೆಯ ಸೆನುಸ್ರೆತ್‌ನ ಬಿಳಿಯ ಪುಟ್ಟ ಗುಡಿ ಇದೆ. ಅದರ ಬಿಡಿಗಲ್ಲುಗಳು ಮೂರನೆಯ ಪೈಲಾನ್‌ನ ಒಳಗೆ ತುಂಬುಗಲ್ಲುಗಳಾಗಿ ಸಿಕ್ಕಿದ್ದವು. ಇಡೀ ಕಾರ್ನಾಕ್‌ನಲ್ಲಿ ಇಷ್ಟು ನವಿರಾದ ಕೆತ್ತನೆ ಬೇರೆ ಇಲ್ಲವೆಂದೇ ನಾನು ಭಾವಿಸುತ್ತೇನೆ.

ಲಕ್ಸರ್ ದೇವಾಲಯವನ್ನು ಕತ್ತಲಾದ ಮೇಲೆ ನೋಡಿ. ಕಾರ್ನಾಕನ್ನೂ ಇದನ್ನೂ ಜೋಡಿಸುವ ಸ್ಫಿಂಕ್ಸ್‌ಗಳ ಸುಮಾರು 2.7 ಕಿಲೋಮೀಟರ್ ದಾರಿ 2021ರ ನವೆಂಬರ್‌ನಲ್ಲಿ ಮತ್ತೆ ತೆರೆದಿದೆ. ಮುಂಭಾಗದಲ್ಲಿ ಒಂದೇ ಒಬೆಲಿಸ್ಕ್ ಇದೆ. ಅದರ ಜೊತೆಯದು ಪ್ಯಾರಿಸ್‌ನ ಪ್ಲಾಸ್ ದ ಲಾ ಕಾಂಕಾರ್ಡ್‌ನಲ್ಲಿದೆ. ಅಂಗಳದ ಮೇಲ್ಭಾಗದಲ್ಲಿರುವ ಅಬು ಹಗ್ಗಾಗ್ ಮಸೀದಿಯ ಹಳೆಯ ಬಾಗಿಲು ಗೋಡೆಯಲ್ಲಿ ಎತ್ತರದಲ್ಲಿ ತೂಗಿದಂತಿರುವುದನ್ನು ಗಮನಿಸಿ. ಮಸೀದಿ ಕಟ್ಟುವಾಗ ನೆಲ ಆ ಮಟ್ಟದಲ್ಲಿತ್ತು.

ಎರಡನೆಯ ದಿನ ಪಶ್ಚಿಮ ದಡಕ್ಕೆ. ಅರಸರ ಕಣಿವೆಯ ಸಾಮಾನ್ಯ ಟಿಕೆಟ್ ಮೂರು ಸಮಾಧಿಗಳಿಗೆ ಮಾತ್ರ. ತೂತನ್‌ಖಾಮನ್ ಮತ್ತು ಮೊದಲನೆಯ ಸೇತಿಯ ಸಮಾಧಿಗಳಿಗೆ ಬೇರೆ ಟಿಕೆಟ್ ಬೇಕು. ಹತ್‌ಶೆಪ್ಸುತ್‌ಳ ದೇವಾಲಯಕ್ಕೆ ನೆರಳಿಲ್ಲದ ಬಯಲನ್ನು ದಾಟಿ ಹೋಗಬೇಕಾದ್ದರಿಂದ ಅದನ್ನು ಬೇಗನೆ ಮುಗಿಸಿ. ಎರಡನೆಯ ಅಂತಸ್ತಿನಲ್ಲಿ ಪುಂತ್ ದೇಶದಿಂದ ಸುಗಂಧದ ಗಿಡಗಳನ್ನು ಬೇರುಸಹಿತ ಹಡಗಿಗೆ ಸಾಗಿಸುವ ಶಿಲ್ಪವಿದೆ. ಸಮಯವಿರುವುದು ಒಂದಕ್ಕೆ ಮಾತ್ರ ಎಂದಾದರೆ ನಾನು ಮೂರನೆಯ ರಾಮ್ಸೆಸ್‌ನ ಮೆದಿನೆತ್ ಹಾಬುವನ್ನು ಸೂಚಿಸುತ್ತೇನೆ. ಹಡಗಿನ ಗುಂಪುಗಳು ಅಲ್ಲಿಗೆ ಕಡಿಮೆ ಬರುತ್ತವೆ. ಅಂಗೈ ಹಿಡಿಸುವಷ್ಟು ಆಳವಾಗಿ ಕೊರೆದ ಅಕ್ಷರಗಳೂ, ಚಾವಣಿಯಲ್ಲಿ ಉಳಿದ ಬಣ್ಣವೂ, ಸಮುದ್ರದಾಚೆಯಿಂದ ದಂಡೆತ್ತಿ ಬಂದವರೊಡನೆ ನಡೆದ ನೌಕಾಯುದ್ಧದ ಚಿತ್ರವೂ ಅಲ್ಲಿವೆ. ಅದರ ಟಿಕೆಟ್ಟನ್ನು ಮೆಮ್ನೋನ್ ಪ್ರತಿಮೆಗಳ ಬಳಿಯಿರುವ ಕೇಂದ್ರ ಟಿಕೆಟ್ ಕಚೇರಿಯಲ್ಲಿ ಮೊದಲೇ ಪಡೆಯುವ ವ್ಯವಸ್ಥೆ ಇರುವುದರಿಂದ ಚಾಲಕನಿಗೆ ಬೆಳಿಗ್ಗೆಯೇ ತಿಳಿಸಿ.

ಇನ್ನೂ ಒಂದು ದಿನ ಕೈಯಲ್ಲಿದ್ದರೆ ಉತ್ತರಕ್ಕಿರುವ ದೆಂದೆರಾದ ಹಾಥೋರ್ ದೇವಿಯ ದೇವಾಲಯಕ್ಕೆ ಕಾರಿನಲ್ಲಿ ಹೋಗಿ ಬನ್ನಿ. ಎದ್ಫುವಿನಂತೆ ಚಾವಣಿಸಹಿತ ಉಳಿದಿರುವ ಈ ದೇವಾಲಯದಲ್ಲಿ ಮಾಳಿಗೆಗೆ ಹತ್ತುವ ಮೆಟ್ಟಿಲುಗಳ ಇಕ್ಕೆಲದಲ್ಲಿ ಪುರೋಹಿತರ ಮೆರವಣಿಗೆಯ ಶಿಲ್ಪಗಳಿವೆ. ಮೇಲಿನ ಗುಡಿಯ ಚಾವಣಿಯಲ್ಲಿರುವ ವೃತ್ತಾಕಾರದ ರಾಶಿಚಕ್ರ ಅಚ್ಚಿನ ಪ್ರತಿ; ಮೂಲಶಿಲ್ಪ ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದಲ್ಲಿದೆ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಲಕ್ಸರ್‌ಗೆ ಮರಳಬಹುದು. ವಿಮಾನ ಅಥವಾ ರೈಲನ್ನು ಅಂದಿನ ಸಂಜೆಗೇ ಗೊತ್ತುಮಾಡಿಕೊಳ್ಳಲು ಅಡ್ಡಿಯಿಲ್ಲ.